ಗಂಟೆಗೊಂದು ಸೆಂಟಿಮೀಟರ್: ಒಂದು ಪರೀಕ್ಷಾ ಉತ್ತರದ ಚರಿತ್ರೆ

ಪ್ರಯೋಗಶಾಲೆಗೆ ಬಂದ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವ ಸಂಗತಿಗಳಲ್ಲಿ ನಕ್ಷೆ ಬರೆಯುವುದೂ ಒಂದು. ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ಅಳೆದ ಪರಿಮಾಣ; ಬಿಂದುಗಳನ್ನು ಗುರುತಿಸಿ, ಗೆರೆ ಎಳೆದು, ಅದರ ಇಳಿಜಾರನ್ನು ಲೆಕ್ಕಹಾಕಬೇಕು. ಇಂಥದೇ ಒಂದು ನಕ್ಷೆಯನ್ನು ಪ್ರಸೂತಿ ಮತ್ತು ಸ್ತ್ರೀರೋಗಶಾಸ್ತ್ರದ ಸ್ನಾತಕೋತ್ತರ ಪರೀಕ್ಷೆಗೆ ಓದುವ ವೈದ್ಯರೂ ಕಲಿಯುತ್ತಾರೆ. ಹೆರಿಗೆ ನೋವು ಬಂದ ಮೇಲೆ ಗರ್ಭಕಂಠ ಎಷ್ಟು ತೆರೆದಿದೆ ಎಂಬುದು ಇದರ ಲಂಬ ಅಕ್ಷ. ಪೂರ್ಣ ತೆರೆದಾಗ ಅದರ ಅಳತೆ 10 ಸೆಂ.ಮೀ. ಈ ನಕ್ಷೆಗೆ ಪಾರ್ಟೋಗ್ರಾಫ್ ಎಂದು ಹೆಸರು.

ಅನೇಕ ದಶಕಗಳ ಕಾಲ ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡುತ್ತಿದ್ದ ಒಂದು ಸಂಖ್ಯೆ ಈ ನಕ್ಷೆಯಲ್ಲಿದೆ. ಹೆರಿಗೆ ಚುರುಕುಗೊಂಡ ಮೇಲೆ ಗರ್ಭಕಂಠವು ಗಂಟೆಗೆ ಕನಿಷ್ಠ 1 ಸೆಂ.ಮೀ. ತೆರೆಯಬೇಕು, ಹಾಗಾಗದಿದ್ದರೆ ಪ್ರಗತಿ ನಿಧಾನ. ಈ ಒಂದು ವಾಕ್ಯದ ಆಧಾರದ ಮೇಲೆ ಲಕ್ಷಾಂತರ ಹೆರಿಗೆಗಳಲ್ಲಿ ಔಷಧ ಕೊಡಲಾಗಿದೆ, ಸಿಸೇರಿಯನ್ ಮಾಡಲಾಗಿದೆ. ಆ ಸಂಖ್ಯೆ ಎಲ್ಲಿಂದ ಬಂತು, ಅದಕ್ಕೆ ಏನಾಯಿತು ಎಂಬ ಚರಿತ್ರೆಯನ್ನು ವೈದ್ಯರಲ್ಲದೆ ವಿಜ್ಞಾನ ಕಲಿಸುವ, ಕಲಿಯುವ ಎಲ್ಲರೂ ಗಮನಿಸಬೇಕು.

ಪರೀಕ್ಷೆಗಳು ಬಂದ ಬಗೆ

ಪ್ರಸೂತಿಶಾಸ್ತ್ರದಲ್ಲಿ ತಜ್ಞರೆನಿಸಿಕೊಳ್ಳಲು ಪ್ರತ್ಯೇಕ ಪರೀಕ್ಷೆ ಬೇಕು ಎಂಬ ವಿಚಾರ ಹೆಚ್ಚು ಹಳೆಯದಲ್ಲ. ಬ್ರಿಟನ್ನಿನಲ್ಲಿ ವಿಲಿಯಂ ಬ್ಲೇರ್-ಬೆಲ್ ಮತ್ತು ವಿಲಿಯಂ ಫ್ಲೆಚರ್ ಶಾ ಅವರ ಪ್ರಯತ್ನದಿಂದ ಪ್ರಸೂತಿ ಹಾಗೂ ಸ್ತ್ರೀರೋಗ ತಜ್ಞರ ಕಾಲೇಜು 1929ರಲ್ಲಿ ಸ್ಥಾಪನೆಯಾಯಿತು. 1938ರಲ್ಲಿ ಅದಕ್ಕೆ 'ರಾಯಲ್' ಎಂಬ ವಿಶೇಷಣ ಸೇರಿತು. ಅಮೆರಿಕದಲ್ಲಿ ಈ ವಿಭಾಗದ ತಜ್ಞತಾ ಮಂಡಲಿ ಹುಟ್ಟಿದ್ದು 1930ರಲ್ಲಿ. ಅದರ ಮೌಖಿಕ ಪರೀಕ್ಷೆಗೆ ಬರುವ ವೈದ್ಯರು ತಾವು ಒಂದು ವರ್ಷದಲ್ಲಿ ಚಿಕಿತ್ಸೆ ನೀಡಿದ ರೋಗಿಗಳ ಪಟ್ಟಿಯನ್ನು ಸಲ್ಲಿಸಬೇಕು. ಪರೀಕ್ಷಕರು ಆ ಪಟ್ಟಿಯಿಂದಲೂ ಪ್ರಶ್ನೆ ಕೇಳುತ್ತಾರೆ. ಭಾರತದಲ್ಲಿ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪದವಿಗಳ ಜೊತೆಗೆ, 1975ರಲ್ಲಿ ಆರಂಭವಾಗಿ 1982ರಲ್ಲಿ ಸ್ವಾಯತ್ತಗೊಂಡ ರಾಷ್ಟ್ರೀಯ ಪರೀಕ್ಷಾ ಮಂಡಲಿಯ ಪರೀಕ್ಷೆಗಳಿವೆ.

ಇಂಥ ಪರೀಕ್ಷೆಗಳಿಂದ ಬಹಳ ಒಳಿತಾಗಿದೆ. ತಾಯಿಯ ಜೀವವನ್ನು ಕೈಗೆ ತೆಗೆದುಕೊಳ್ಳುವವರಿಗೆ ಕನಿಷ್ಠ ಏನೇನು ತಿಳಿದಿರಬೇಕು ಎಂಬುದನ್ನು ಅವು ನಿಗದಿ ಮಾಡಿದವು. ಆದರೆ ಪರೀಕ್ಷೆಗೆ ಒಂದು 'ಸರಿಯುತ್ತರ' ಬೇಕಾಗುತ್ತದೆ. ಸಂಶೋಧನಾ ಲೇಖನದಲ್ಲಿ ಒಂದು ಸಂಖ್ಯೆಯ ಜೊತೆಗೆ ಅದರ ದೋಷದ ವ್ಯಾಪ್ತಿ, ಅಳೆದ ಸ್ಥಳ, ಅಳೆದ ವಿಧಾನಗಳೂ ಇರುತ್ತವೆ. ಅದೇ ಸಂಖ್ಯೆ ಪಠ್ಯಪುಸ್ತಕಕ್ಕೆ, ಅಲ್ಲಿಂದ ಪರೀಕ್ಷೆಯ ಟಿಪ್ಪಣಿಗೆ ಇಳಿಯುವಾಗ ಇವೆಲ್ಲ ಒಂದೊಂದಾಗಿ ಉದುರಿಹೋಗುತ್ತವೆ.

ಫ್ರೀಡ್‌ಮನ್ನರ ವಕ್ರರೇಖೆ

ಹೆರಿಗೆ ವಿಪರೀತ ದೀರ್ಘವಾದರೆ ತಾಯಿಗೆ ಸೋಂಕು ತಗಲಬಹುದು, ಗರ್ಭಕೋಶ ಹರಿಯಬಹುದು, ಮಗು ಉಸಿರುಕಟ್ಟಿ ಸಾಯಬಹುದು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ 'ದೀರ್ಘ' ಎಂದರೆ ಎಷ್ಟು? 1950ರ ದಶಕದವರೆಗೆ ಇದಕ್ಕೆ ಉತ್ತರ ಬಹುಮಟ್ಟಿಗೆ ಆಯಾ ವೈದ್ಯರ ಅನುಭವವೇ ಆಗಿತ್ತು.

ಇದನ್ನು ಅಳತೆಗೆ ಒಳಪಡಿಸಿದವರು ನ್ಯೂಯಾರ್ಕಿನ ಸ್ಲೋನ್ ಮಹಿಳಾ ಆಸ್ಪತ್ರೆಯಲ್ಲಿದ್ದ ಇಮ್ಯಾನ್ಯುಯೆಲ್ ಫ್ರೀಡ್‌ಮನ್. ನವಜಾತ ಶಿಶುವಿನ ಸ್ಥಿತಿಗೆ ಅಂಕ ಕೊಡುವ ಪದ್ಧತಿಯನ್ನು ವರ್ಜೀನಿಯಾ ಅಪ್ಗಾರ್ 1953ರಲ್ಲಿ ಪ್ರಕಟಿಸಿದ್ದೂ ಇದೇ ಆಸ್ಪತ್ರೆಯ ಶಿಶುಗಳನ್ನು ಪರಿಶೀಲಿಸಿ. ಫ್ರೀಡ್‌ಮನ್ 1954ರಲ್ಲಿ ತಮ್ಮ ಮೊದಲ ನಕ್ಷೆಗಳನ್ನು ಪ್ರಕಟಿಸಿದರು. ಮರುವರ್ಷ 500 ಚೊಚ್ಚಲ ಹೆರಿಗೆಗಳ ವಿಶ್ಲೇಷಣೆಯನ್ನು ಮುಂದಿಟ್ಟರು.

ಅವರಿಗೆ ದೊರೆತದ್ದು ಇಂಗ್ಲಿಷಿನ ಎಸ್ ಅಕ್ಷರವನ್ನು ಹೋಲುವ ವಕ್ರರೇಖೆ. ಮೊದಲು ಬಹಳ ಹೊತ್ತು ಗರ್ಭಕಂಠ ಹೆಚ್ಚು ತೆರೆಯುವುದಿಲ್ಲ. ಇದು ಸುಪ್ತ ಹಂತ, ಸರಾಸರಿ 8.6 ಗಂಟೆ. ಅನಂತರ ಗೆರೆ ಕಡಿದಾಗಿ ಏರುತ್ತದೆ. ಇದು ಸಕ್ರಿಯ ಹಂತ, ಸರಾಸರಿ 4.9 ಗಂಟೆ. ಅತ್ಯಂತ ಕಡಿದಾದ ಭಾಗದ ಇಳಿಜಾರು ಸರಾಸರಿ ಗಂಟೆಗೆ 3 ಸೆಂ.ಮೀ. ಸಂಖ್ಯಾಶಾಸ್ತ್ರದ ಪ್ರಕಾರ ಅದರ ಕೆಳಮಿತಿ ಚೊಚ್ಚಲ ಹೆರಿಗೆಯಲ್ಲಿ 1.2 ಸೆಂ.ಮೀ., ಮುಂದಿನ ಹೆರಿಗೆಗಳಲ್ಲಿ 1.5 ಸೆಂ.ಮೀ. ಹೆರಿಗೆಯನ್ನು ಕಾಲ ಮತ್ತು ದೂರದ ನಕ್ಷೆಯಾಗಿ ನೋಡಿದ ಈ ಕೆಲಸ ನಿಜಕ್ಕೂ ದೊಡ್ಡದು. ಆದರೆ ಆ 500 ಹೆರಿಗೆಗಳು ಒಂದೇ ಆಸ್ಪತ್ರೆಯವು. ಅಂದಿನ ಪದ್ಧತಿಯಂತೆ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳಲ್ಲಿ ಮಗುವನ್ನು ಹೊರತೆಗೆಯಲು ಇಕ್ಕುಳ ಬಳಸಲಾಗಿತ್ತು. ಅಳತೆಯ ಸಾಧನವೋ ಪರೀಕ್ಷಿಸುವವರ ಎರಡು ಬೆರಳು. ಇಬ್ಬರು ಪರೀಕ್ಷಿಸಿದರೆ 1 ಸೆಂ.ಮೀ. ವ್ಯತ್ಯಾಸ ಬರುವುದು ಅಪರೂಪವಲ್ಲ.

ಎರಡು ಗೆರೆಗಳು

ಅಮೆರಿಕದ ದೊಡ್ಡ ನಗರದಲ್ಲಿ ಹುಟ್ಟಿದ ನಕ್ಷೆಗೆ ಹೊಸ ಉಪಯೋಗ ದೊರೆತದ್ದು ಆಫ್ರಿಕದಲ್ಲಿ. ಇಂದಿನ ಜಿಂಬಾಬ್ವೆ ಆಗ ರೊಡೇಷಿಯ ಆಗಿತ್ತು. ಅಲ್ಲಿ ಅನೇಕ ಹೆರಿಗೆಗಳು ಸೂಲಗಿತ್ತಿ ದಾದಿಯರೇ ನಡೆಸುವ ಸಣ್ಣ ಚಿಕಿತ್ಸಾಲಯಗಳಲ್ಲಿ ಆಗುತ್ತಿದ್ದವು. ಶಸ್ತ್ರಚಿಕಿತ್ಸೆಯ ಸೌಲಭ್ಯ ಇದ್ದುದು ದೂರದ ಆಸ್ಪತ್ರೆಯಲ್ಲಿ. ಯಾವ ತಾಯಿಯನ್ನು, ಯಾವಾಗ ಅಲ್ಲಿಗೆ ಕಳುಹಿಸಬೇಕು? ತಡವಾದರೆ ಜೀವಕ್ಕೆ ಅಪಾಯ. ಎಲ್ಲರನ್ನೂ ಕಳುಹಿಸುವುದು ಅಸಾಧ್ಯ.

ಈ ಪ್ರಶ್ನೆಗೆ ಫಿಲ್ಪಾಟ್ ಮತ್ತು ಕ್ಯಾಸಲ್ 1972ರಲ್ಲಿ ಉತ್ತರ ಕೊಟ್ಟರು. 624 ಚೊಚ್ಚಲ ಹೆರಿಗೆಗಳನ್ನು ಅಭ್ಯಸಿಸಿ, ಅವರಲ್ಲಿ ಅತ್ಯಂತ ನಿಧಾನವಾಗಿದ್ದ ಶೇಕಡ 10ರಷ್ಟು ಮಂದಿಯ ಸರಾಸರಿ ವೇಗವನ್ನು ಆಧಾರವಾಗಿ ತೆಗೆದುಕೊಂಡರು. ಅದು ಗಂಟೆಗೆ 1 ಸೆಂ.ಮೀ. ಆ ಇಳಿಜಾರಿನ ನೇರ ಗೆರೆಯೇ 'ಎಚ್ಚರಿಕೆಯ ಗೆರೆ'. ತಾಯಿಯ ನಕ್ಷೆ ಇದನ್ನು ದಾಟಿ ಬಲಕ್ಕೆ ಹೋದರೆ ದಾದಿಯು ಆಕೆಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಏರ್ಪಾಟು ಮಾಡಬೇಕು. ಅದಕ್ಕೆ ಸಮಾಂತರವಾಗಿ 4 ಗಂಟೆ ಬಲಕ್ಕೆ ಇನ್ನೊಂದು ಗೆರೆ, 'ಕ್ರಮದ ಗೆರೆ'. ಅದನ್ನು ದಾಟಿದಾಗ ಮಾತ್ರ ವೈದ್ಯರು ಮಧ್ಯೆ ಪ್ರವೇಶಿಸುವುದು. ನಡುವಿನ 4 ಗಂಟೆ ಪ್ರಯಾಣಕ್ಕೆ ಮತ್ತು ಸಿದ್ಧತೆಗೆ ದೊರೆತ ಅವಕಾಶ.

ಇಲ್ಲಿ ಒಂದು ಅಂಶವನ್ನು ಗುರುತಿಸಬೇಕು. ಎಚ್ಚರಿಕೆಯ ಗೆರೆಯು ಒಂದು ನಿರ್ದಿಷ್ಟ ಊರಿನ, ನಿರ್ದಿಷ್ಟ ಕಷ್ಟಕ್ಕೆ ಕೊಟ್ಟ ಪರಿಹಾರ. ಗೆರೆ ದಾಟಿದ ಕೂಡಲೇ ಕತ್ತರಿ ಹಿಡಿಯಿರಿ ಎಂದು ಅದು ಹೇಳಲಿಲ್ಲ. ಆದರೆ ಅದೇ ಕಾಲದಲ್ಲಿ ಡಬ್ಲಿನ್ ನಗರದ ರಾಷ್ಟ್ರೀಯ ಪ್ರಸೂತಿ ಆಸ್ಪತ್ರೆಯಲ್ಲಿ ಕೀರನ್ ಓ'ಡ್ರಿಸ್ಕಾಲ್ ಬೇರೆಯೇ ದಾರಿ ಹಿಡಿದಿದ್ದರು. ಚೊಚ್ಚಲ ಹೆರಿಗೆಯಲ್ಲಿ ಗಂಟೆಗೆ 1 ಸೆಂ.ಮೀ. ಪ್ರಗತಿ ಕಾಣದಿದ್ದರೆ ಆಕ್ಸಿಟೋಸಿನ್ ಕೊಟ್ಟು ನೋವನ್ನು ಹೆಚ್ಚಿಸುವುದು ಅಲ್ಲಿಯ ಕ್ರಮವಾಯಿತು. ಒಂದೇ ಸಂಖ್ಯೆ ಒಂದು ಕಡೆ ಎಚ್ಚರಿಕೆಯ ಗಂಟೆ, ಇನ್ನೊಂದು ಕಡೆ ಚಿಕಿತ್ಸೆಯ ಆದೇಶ.

ಸಂಖ್ಯೆ ಜಗತ್ತಿನದಾದದ್ದು

ಸುರಕ್ಷಿತ ತಾಯ್ತನದ ಅಂತಾರಾಷ್ಟ್ರೀಯ ಕಾರ್ಯಕ್ರಮ 1987ರಲ್ಲಿ ನೈರೋಬಿಯಲ್ಲಿ ಆರಂಭವಾಯಿತು. ಅದರ ಬೆನ್ನಿಗೇ ವಿಶ್ವ ಆರೋಗ್ಯ ಸಂಸ್ಥೆ ತನ್ನದೇ ಪಾರ್ಟೋಗ್ರಾಫ್ ರೂಪಿಸಿತು. ಇದನ್ನು ಇಂಡೋನೇಷ್ಯ, ಮಲೇಷ್ಯ ಮತ್ತು ಥಾಯ್ಲೆಂಡ್‌ಗಳಲ್ಲಿ 35,484 ಹೆರಿಗೆಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ದೀರ್ಘ ಹೆರಿಗೆಯ ಪ್ರಮಾಣ ಶೇಕಡ 6.4ರಿಂದ 3.4ಕ್ಕೆ, ನೋವು ಹೆಚ್ಚಿಸುವ ಔಷಧದ ಬಳಕೆ ಶೇಕಡ 20.7ರಿಂದ 9.1ಕ್ಕೆ, ತುರ್ತು ಸಿಸೇರಿಯನ್ ಶೇಕಡ 9.9ರಿಂದ 8.3ಕ್ಕೆ ಇಳಿದವು. ಹೆರಿಗೆಯ ಸಮಯದಲ್ಲಿ ಮಗು ಸಾಯುವ ಪ್ರಮಾಣವೂ ಶೇಕಡ 0.5ರಿಂದ 0.3ಕ್ಕೆ ಕಡಿಮೆಯಾಯಿತು.

ಇಷ್ಟಾದ ಮೇಲೆ ಈ ನಕ್ಷೆ ಪಠ್ಯಪುಸ್ತಕಗಳಿಗೂ ಪರೀಕ್ಷೆಗಳಿಗೂ ಬಂದದ್ದು ಸಹಜ. 1994ರ ನಕ್ಷೆಯಲ್ಲಿ ಸಕ್ರಿಯ ಹಂತ 3 ಸೆಂ.ಮೀ.ಗೆ ಆರಂಭವಾಗುತ್ತಿತ್ತು. 2000ದ ಪರಿಷ್ಕೃತ ನಕ್ಷೆಯಲ್ಲಿ ಅದು 4 ಸೆಂ.ಮೀ. ಆಯಿತು, ಸುಪ್ತ ಹಂತವನ್ನು ನಕ್ಷೆಯಿಂದ ಕೈಬಿಡಲಾಯಿತು. ಗಂಟೆಗೆ 1 ಸೆಂ.ಮೀ. ಎಂಬುದು ಮಾತ್ರ ಹಾಗೆಯೇ ಉಳಿಯಿತು.

ಸಂಶಯ

ಜುನ್ ಝಾಂಗ್ ಮತ್ತು ಸಂಗಡಿಗರು 2002ರಲ್ಲಿ 1,329 ಚೊಚ್ಚಲ ಹೆರಿಗೆಗಳ ಅಂಕಿಅಂಶಗಳಿಗೆ ಹೊಸ ಸಂಖ್ಯಾಶಾಸ್ತ್ರೀಯ ವಿಧಾನಗಳನ್ನು ಅನ್ವಯಿಸಿದರು. 2010ರಲ್ಲಿ ಅಮೆರಿಕದ 19 ಆಸ್ಪತ್ರೆಗಳ 62,415 ಹೆರಿಗೆಗಳ ವಿಶ್ಲೇಷಣೆ ಹೊರಬಂದಿತು. 4ರಿಂದ 5 ಸೆಂ.ಮೀ.ಗೆ ಬರಲು 6 ಗಂಟೆಗೂ ಹೆಚ್ಚು, 5ರಿಂದ 6ಕ್ಕೆ 3 ಗಂಟೆಗೂ ಹೆಚ್ಚು ಹಿಡಿದು, ಆಮೇಲೆ ಸುಖವಾಗಿ ಹೆರಿಗೆಯಾದ ತಾಯಂದಿರು ಅದರಲ್ಲಿ ಕಂಡುಬಂದರು. ವೇಗ ನಿಜವಾಗಿ ಹೆಚ್ಚುವುದು 6 ಸೆಂ.ಮೀ. ಆದ ಮೇಲೆ. ಇಂದಿನ ತಾಯಂದಿರ ವಯಸ್ಸು, ತೂಕ ಹೆಚ್ಚಿರುವುದೇ ಕಾರಣವಿರಬಹುದೆ? ಅದೇ ವರ್ಷ ಝಾಂಗ್ ತಂಡವು 1959ರಿಂದ 1966ರ ನಡುವಿನ 26,838 ಹೆರಿಗೆಗಳ ಹಳೆಯ ದಾಖಲೆಗಳನ್ನು ಇದೇ ವಿಧಾನದಿಂದ ಪರಿಶೀಲಿಸಿದಾಗ ಅಲ್ಲಿಯೂ ಇಂಥದೇ ಚಿತ್ರ ದೊರೆಯಿತು. ಹಾಗಾಗಿ ವ್ಯತ್ಯಾಸದ ದೊಡ್ಡ ಪಾಲು ವಿಶ್ಲೇಷಣೆಯ ವಿಧಾನದಲ್ಲೇ ಇರಬೇಕು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಒಳ್ಳೆಯ ಪಾಠವಿದೆ. ಬೆಳಿಗ್ಗೆ 8 ಗಂಟೆಗೆ 4 ಸೆಂ.ಮೀ., ಮಧ್ಯಾಹ್ನ 12 ಗಂಟೆಗೆ 7 ಸೆಂ.ಮೀ. ಎಂದು ದಾಖಲಾಗಿದ್ದರೆ, 5 ಸೆಂ.ಮೀ. ಆದದ್ದು ಯಾವಾಗ? ನಡುವೆ ಎಲ್ಲೋ ಎಂದಷ್ಟೇ ಹೇಳಬಹುದು. ಬಿಂದುಗಳ ನಡುವೆ ನೇರ ಗೆರೆ ಎಳೆಯುವವರು ಒಂದು ಊಹೆಯನ್ನು ಅಳತೆ ಎಂದು ಬರೆದುಕೊಂಡಂತೆ. ಝಾಂಗ್ ತಂಡ ಈ ಅನಿಶ್ಚಿತತೆಯನ್ನು ಲೆಕ್ಕದೊಳಗೇ ಸೇರಿಸಿತು.

ಆದರೆ ಸರಾಸರಿಗೂ ತನ್ನದೇ ದೋಷವಿದೆ. ಹತ್ತು ಒಲೆಗಳ ಮೇಲೆ ಹತ್ತು ಪಾತ್ರೆ ಹಾಲಿಟ್ಟರೆ ಪ್ರತಿಯೊಂದೂ ತಟ್ಟನೆ ಉಕ್ಕುತ್ತದೆ, ಆದರೆ ಬೇರೆ ಬೇರೆ ಹೊತ್ತಿಗೆ. ಹತ್ತರ ಸರಾಸರಿ ಎತ್ತರದ ನಕ್ಷೆ ಬರೆದರೆ ಅದು ನಿಧಾನವಾಗಿ ಏರುವ ನುಣುಪಾದ ಗೆರೆ. ಉಕ್ಕಿದ ಕ್ಷಣ ಅದರಲ್ಲಿ ಕಾಣುವುದೇ ಇಲ್ಲ. ವೇಯ್ನ್ ಕೊಹೆನ್ ಅವರೊಡನೆ ಫ್ರೀಡ್‌ಮನ್ನರೇ 2015ರಲ್ಲಿ ಹೊಸ ವಿಶ್ಲೇಷಣೆಯ ವಿಧಾನಗಳನ್ನು ಪ್ರಶ್ನಿಸಿ, ಹೊಸ ಮಾರ್ಗಸೂಚಿಗಳಲ್ಲಿ ಅಪಾಯವಿದೆ ಎಂದು ಬರೆದರು. ತಮ್ಮ ಮೊದಲ ನಕ್ಷೆಯ 60 ವರ್ಷಗಳ ಅನಂತರವೂ ಅವರು ವಾದದಲ್ಲಿ ಭಾಗಿಯಾಗಿದ್ದರು.

ಬದಲಾದ ಉತ್ತರ

ಅಮೆರಿಕದ ತಜ್ಞಸಂಘಗಳು 2014ರಲ್ಲಿ ಸಕ್ರಿಯ ಹಂತದ ಆರಂಭವನ್ನು 6 ಸೆಂ.ಮೀ.ಗೆ ಏರಿಸಿದವು. ನೈಜೀರಿಯ ಮತ್ತು ಉಗಾಂಡದ 5,606 ತಾಯಂದಿರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಅನೇಕರ ಪ್ರಗತಿ ಗಂಟೆಗೆ 1 ಸೆಂ.ಮೀ.ಗಿಂತ ನಿಧಾನವಾಗಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು, ಈ ವೇಗ ಕೆಲವು ತಾಯಂದಿರ ಮಟ್ಟಿಗೆ ಅವಾಸ್ತವಿಕವೆಂದೂ ಅದೊಂದನ್ನೇ ನೋಡಿ ಚಿಕಿತ್ಸೆಗೆ ಮುಂದಾಗಬಾರದೆಂದೂ ಹೇಳಿ, ಸಕ್ರಿಯ ಹಂತವನ್ನು 5 ಸೆಂ.ಮೀ.ಯಿಂದ ಲೆಕ್ಕಹಾಕಲು ಸೂಚಿಸಿತು. 2020ರ ಅದರ ಹೊಸ ದಾಖಲೆ ಪತ್ರದಲ್ಲಿ ಎಚ್ಚರಿಕೆಯ ಗೆರೆಯೇ ಇಲ್ಲ. ಅದರ ಬದಲು ಪ್ರತಿ ಸೆಂಟಿಮೀಟರಿಗೂ ಬೇರೆ ಬೇರೆ ಮಿತಿ: 5 ಸೆಂ.ಮೀ.ಯಲ್ಲಿ 6 ಗಂಟೆ, 6ರಲ್ಲಿ 5 ಗಂಟೆ, 7ರಲ್ಲಿ 3 ಗಂಟೆ, 8ರಲ್ಲಿ ಎರಡೂವರೆ ಗಂಟೆ, 9ರಲ್ಲಿ 2 ಗಂಟೆ. ತಾಯಿಯ ಬಳಿ ಆಪ್ತರೊಬ್ಬರು ಇದ್ದಾರೆಯೇ, ಆಕೆ ನೀರು ಕುಡಿದಿದ್ದಾಳೆಯೇ ಎಂಬುದನ್ನೂ ಅದರಲ್ಲಿ ಬರೆಯಬೇಕು.

ಹೊಸ ಗೆರೆಯಿಂದ ಸಿಸೇರಿಯನ್ ಕಡಿಮೆಯಾಯಿತೆ? ನಾರ್ವೆಯ 14 ಆಸ್ಪತ್ರೆಗಳಲ್ಲಿ 7,277 ಚೊಚ್ಚಲ ತಾಯಂದಿರ ಮೇಲೆ ಹಳೆಯ ಮತ್ತು ಹೊಸ ನಕ್ಷೆಗಳನ್ನು ಹೋಲಿಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಎರಡರ ನಡುವೆ ವ್ಯತ್ಯಾಸ ಸಿದ್ಧವಾಗಲಿಲ್ಲ. ಆದರೆ ಎರಡೂ ಗುಂಪುಗಳಲ್ಲಿ ಸಿಸೇರಿಯನ್ ಪ್ರಮಾಣ ಹಿಂದಿಗಿಂತ ಇಳಿದಿತ್ತು. ಹೆರಿಗೆಯ ಪ್ರಗತಿಯನ್ನು ಹೆಚ್ಚು ಗಮನವಿಟ್ಟು ನೋಡಿದ್ದೇ ಇದಕ್ಕೆ ಕಾರಣವಿರಬಹುದು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಪಾಲ್ಗೊಂಡು, ಭಾರತದ 4 ಆಸ್ಪತ್ರೆಗಳಲ್ಲಿ ನಡೆದ ಪ್ರಾಯೋಗಿಕ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅಪಾಯ ಕಡಿಮೆಯಿರುವ ಚೊಚ್ಚಲ ತಾಯಂದಿರಲ್ಲಿ ಸಿಸೇರಿಯನ್ ಶೇಕಡ 45.2ರಿಂದ 39.7ಕ್ಕೆ ಇಳಿದಿತ್ತು. ಆದರೆ ಎರಡು ಅವಧಿಗಳ ಅನುಪಾತದ ಅಂದಾಜು 0.85, ಅದರ ವ್ಯಾಪ್ತಿ 0.54ರಿಂದ 1.33. ವ್ಯಾಪ್ತಿಯೊಳಗೆ 1 ಸೇರಿರುವುದರಿಂದ ಇಳಿಕೆ ಖಚಿತವೆಂದು ಹೇಳಲಾಗದು. ದೊಡ್ಡ ಅಧ್ಯಯನಗಳೇ ಇದನ್ನು ತೀರ್ಮಾನಿಸಬೇಕು.

3, 4, 5, 6. ಸಕ್ರಿಯ ಹಂತ ಎಲ್ಲಿ ಆರಂಭ ಎಂಬ ಒಂದೇ ಪ್ರಶ್ನೆಗೆ ಕಾಲು ಶತಮಾನದೊಳಗೆ ಬಂದ ಉತ್ತರಗಳು ಇವು. 1996ರಲ್ಲಿ ಉತ್ತೀರ್ಣರಾದ ವೈದ್ಯರು ಅಂದಿನ ಸರಿಯುತ್ತರವನ್ನೇ ಇಂದಿಗೂ ಪಾಲಿಸುತ್ತಿದ್ದರೆ, 4 ಸೆಂ.ಮೀ.ಯಲ್ಲಿ ಕೆಲವು ಗಂಟೆ ನಿಂತ ತಾಯಿಗೆ ಬೇಡದ ಶಸ್ತ್ರಚಿಕಿತ್ಸೆ ಆಗಬಹುದು. ಅದರ ಪರಿಣಾಮ ಆಕೆಯ ಮುಂದಿನ ಹೆರಿಗೆಗಳ ಮೇಲೂ ಆಗುತ್ತದೆ. ಅಮೆರಿಕದ ಮಂಡಲಿ 1986ರಿಂದ ಹೊಸಬರಿಗೆ ಕಾಲಮಿತಿಯುಳ್ಳ ಪ್ರಮಾಣಪತ್ರ ಕೊಡಲು ಆರಂಭಿಸಿದ್ದರ ಹಿಂದೆ ಈ ವಿವೇಕವಿದೆ: ಒಮ್ಮೆ ಉತ್ತೀರ್ಣರಾದರೆ ಜೀವಮಾನಕ್ಕೆ ಸಾಲದು.

ಹಾಗೆಂದು ಹಳೆಯ ಗೆರೆಯನ್ನು ತಪ್ಪೆಂದು ಅಳಿಸಿಹಾಕುವುದೂ ಸರಿಯಲ್ಲ. ಆಸ್ಪತ್ರೆ ದೂರವಿರುವ ಊರಿನಲ್ಲಿ, ಒಬ್ಬಳೇ ದಾದಿ ಇರುವ ರಾತ್ರಿಯಲ್ಲಿ, ಕಳುಹಿಸುವ ನಿರ್ಧಾರಕ್ಕೆ ಒಂದು ಮಿತಿ ಬೇಕೇ ಬೇಕು. ಪರೀಕ್ಷೆಗೆ ಓದುವವರು ಸಂಖ್ಯೆಯನ್ನು ಕಲಿಯಲಿ. ಜೊತೆಗೆ ಅದನ್ನು ಯಾರು, ಎಲ್ಲಿ, ಎಷ್ಟು ಜನರಲ್ಲಿ, ಯಾವ ಉದ್ದೇಶಕ್ಕೆ ಅಳೆದರು ಎಂಬುದನ್ನೂ ಕಲಿಯಲಿ. ನಮ್ಮ ಪ್ರಯೋಗಶಾಲೆಯಲ್ಲಿ ಏಕಮಾನವನ್ನೂ ದೋಷವನ್ನೂ ಬರೆಯದ ಉತ್ತರಕ್ಕೆ ಪೂರ್ಣ ಅಂಕ ಕೊಡುವುದಿಲ್ಲ. ಈ ಅಭ್ಯಾಸವನ್ನು ಶಾಲೆಯಿಂದಲೇ ಬೆಳೆಸಿದರೆ, ನಾಳೆ ಹೆರಿಗೆ ಕೊಠಡಿಯಲ್ಲಿ ನಿಲ್ಲುವ ವಿದ್ಯಾರ್ಥಿಗೂ ಆಕೆಯ ಎದುರಿನ ತಾಯಿಗೂ ಅದರಿಂದ ಪ್ರಯೋಜನವಾಗುತ್ತದೆ.