ಮೋಂ ಬ್ಲಾಂ ಸುತ್ತಿನ ಓಟ: ಮೂರು ದೇಶ, ಎರಡು ರಾತ್ರಿ, ಒಂದು ಪರ್ವತ

ಮ್ಯಾರಥಾನ್ ಓಟದ ದೂರ 42.195 ಕಿ.ಮೀ. ಅದನ್ನು ಮೀರಿದ ಓಟಗಳನ್ನೆಲ್ಲ ಅಲ್ಟ್ರಾಮ್ಯಾರಥಾನ್ ಎಂದು ಕರೆಯುತ್ತಾರೆ. ಅವುಗಳಲ್ಲಿ ಕೆಲವು ಸಮತಟ್ಟಾದ ರಸ್ತೆಯಲ್ಲಿ, ಮತ್ತೆ ಕೆಲವು ಪರ್ವತದ ಕಾಲುದಾರಿಗಳಲ್ಲಿ ನಡೆಯುತ್ತವೆ. ಈ ಎರಡನೆಯ ಬಗೆಯಲ್ಲಿ ಜಗತ್ತಿನಾದ್ಯಂತ ಹೆಸರಾದುದು ಆಲ್ಪ್ಸ್ ಶ್ರೇಣಿಯ ಮೋಂ ಬ್ಲಾಂ ಪರ್ವತವನ್ನು ಸುತ್ತುವ ಓಟ. ನಮ್ಮ ಶಾಲಾ ಭೂಪಟಗಳಲ್ಲಿ ಮೌಂಟ್ ಬ್ಲಾಂಕ್ ಎಂದು ಕಾಣಸಿಗುವ ಶಿಖರವೇ ಇದು. ಇಂತಹ ಓಟಗಳ ವಿಡಿಯೊಗಳು ಇಂದು ಮಕ್ಕಳ ಕೈಯ ಮೊಬೈಲಿಗೂ ತಲುಪುತ್ತಿವೆ. ಅಲ್ಲಿ ಕಾಣುವುದು ಗೆಲುವಿನ ಕ್ಷಣ ಮಾತ್ರ. ಅದರ ಹಿಂದಿರುವ ಸಿದ್ಧತೆ, ನಿಯಮ ಮತ್ತು ಅಪಾಯಗಳನ್ನು ಕನ್ನಡದಲ್ಲಿ ಒಂದೆಡೆ ಕೊಡುವುದು ಈ ಲೇಖನದ ಉದ್ದೇಶ.

ಓಟದ ಸ್ವರೂಪ

ಓಟವು ಫ್ರಾನ್ಸಿನ ಶಮೋನಿ ಪಟ್ಟಣದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇದೇ ಊರಿನಲ್ಲಿ. ದಾರಿಯ ಉದ್ದ 170 ಕಿ.ಮೀ.ಗೂ ಹೆಚ್ಚು. ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 10,000 ಮೀಟರ್ ಆಗುತ್ತದೆ. ಸಮುದ್ರಮಟ್ಟದಿಂದ ಎವರೆಸ್ಟ್ ಶಿಖರದ ಎತ್ತರವಾದರೂ 8,849 ಮೀಟರ್ ಮಾತ್ರ. ಆಗಸ್ಟ್ ಕೊನೆಯ ಭಾಗದ ಒಂದು ಶುಕ್ರವಾರ ಸಂಜೆ ಹೊರಟವರು ನಲವತ್ತಾರೂವರೆ ಗಂಟೆಗಳೊಳಗೆ, ಎಂದರೆ ಭಾನುವಾರ ಸಂಜೆಯ ಹೊತ್ತಿಗೆ, ಹಿಂದಿರುಗಬೇಕು. ಲೆಕ್ಕ ಹಾಕಿದರೆ ಗಂಟೆಗೆ ನಾಲ್ಕು ಕಿ.ಮೀ.ಗಿಂತಲೂ ಕಡಿಮೆ ವೇಗ ಸಾಕು. ಮಕ್ಕಳು ಶಾಲೆಗೆ ನಡೆದು ಬರುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ವೇಗವನ್ನು ಎರಡು ರಾತ್ರಿ ನಿದ್ದೆಗೆಟ್ಟು, ಏರಿನಲ್ಲೂ ಇಳಿವಿನಲ್ಲೂ ಬಿಡದೆ ಕಾಯ್ದುಕೊಳ್ಳಬೇಕಾದುದರಿಂದಲೇ ಈ ಓಟ ಕಠಿಣವೆನಿಸಿದೆ.

2003ರ ಮೊದಲ ಓಟದಲ್ಲಿ ಹೊರಟವರು ಸುಮಾರು 700 ಮಂದಿ. ಮಳೆಗಾಳಿಗೆ ಸಿಕ್ಕು, ಪೂರ್ಣ ಸುತ್ತು ಮುಗಿಸಿದವರು 67 ಮಂದಿ ಮಾತ್ರ. ನೇಪಾಳ ಮೂಲದ ದಾವಾ ಶೆರ್ಪಾ ಸುಮಾರು 20 ಗಂಟೆಗಳಲ್ಲಿ ಮೊದಲಿಗರಾದರು. ಇಟಲಿಯ ಮಾರ್ಕೊ ಓಲ್ಮೊ 2006 ಮತ್ತು 2007ರಲ್ಲಿ ಗೆದ್ದರು. ಎರಡನೆಯ ಗೆಲುವಿನ ವೇಳೆಗೆ ಅವರಿಗೆ 58 ವರ್ಷ. ಬ್ರಿಟನ್ನಿನ ಲಿಝಿ ಹಾಕರ್ ಮಹಿಳಾ ವಿಭಾಗದಲ್ಲಿ ಐದು ಬಾರಿ ಗೆದ್ದಿದ್ದಾರೆ. ಸ್ಪೇನಿನ ಕೀಲಿಯನ್ ಜೋರ್ನೆಟ್ 2022ರಲ್ಲಿ ನಾಲ್ಕನೆಯ ಬಾರಿ ಗೆದ್ದಾಗ 20 ಗಂಟೆಗಳ ಮಿತಿಯೂ ಮುರಿಯಿತು. ದೀರ್ಘ ಓಟದಲ್ಲಿ ವಯಸ್ಸಿಗಿಂತ ತಾಳ್ಮೆಗೂ ಅನುಭವಕ್ಕೂ ಬೆಲೆ ಹೆಚ್ಚು ಎಂಬುದಕ್ಕೆ ಓಲ್ಮೊ ಅವರ ಗೆಲುವೇ ಸಾಕ್ಷಿ.

ಗಡಿ ದಾಟುವ ದಾರಿ

ಫ್ರಾನ್ಸಿನಿಂದ ಹೊರಟ ದಾರಿ ಕೋಲ್ ದ ಲಾ ಸೆನ್ಯ ಎಂಬ 2,516 ಮೀಟರ್ ಎತ್ತರದ ಗಿರಿದಾರಿಯಲ್ಲಿ ಇಟಲಿಯನ್ನು ಪ್ರವೇಶಿಸುತ್ತದೆ. ಕುರ್ಮಯೋರ್ ಪಟ್ಟಣವನ್ನು ಹಾದು, 2,537 ಮೀಟರ್ ಎತ್ತರದ ಗ್ರಾಂ ಕೋಲ್ ಫೆರೆಯನ್ನು ಏರಿ ಸ್ವಿಟ್ಜರ್ಲೆಂಡಿಗೆ ಇಳಿಯುತ್ತದೆ. ಶಾಂಪೆ, ತ್ರಿಯಾಂ ಎಂಬ ಊರುಗಳ ಮೂಲಕ ಮತ್ತೆ ಫ್ರಾನ್ಸನ್ನು ಸೇರುತ್ತದೆ. ನೀಲಗಿರಿಯ ನಮ್ಮ ಓದುಗರು ಈ ಎತ್ತರವನ್ನು ಸುಲಭವಾಗಿ ಊಹಿಸಬಲ್ಲರು: 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಗ್ರಾಂ ಕೋಲ್ ಫೆರೆಗಿಂತ ಸರಿಯಾಗಿ ನೂರು ಮೀಟರ್ ಹೆಚ್ಚು. ಆದರೆ ಆಲ್ಪ್ಸ್ ಭೂಮಧ್ಯರೇಖೆಯಿಂದ ಬಹಳ ದೂರವಿರುವುದರಿಂದ ಅಲ್ಲಿ ಬೇಸಿಗೆಯಲ್ಲೂ ಹಿಮ ಬೀಳಬಹುದು.

ಗಡಿನಾಡಿನವರಾದ ನಾವು ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕುರ್ಮಯೋರ್ ಇರುವ ಆಓಸ್ತಾ ಕಣಿವೆ ಇಟಲಿಗೆ ಸೇರಿದ್ದರೂ 1948ರ ವಿಶೇಷ ಶಾಸನದ ಪ್ರಕಾರ ಅಲ್ಲಿ ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳಿಗೆ ಸಮಾನ ಸ್ಥಾನವಿದೆ. ಶಾಲೆಗಳಲ್ಲಿ ಇಟಾಲಿಯನ್ನಿಗೆ ಎಷ್ಟು ಗಂಟೆಗಳೋ ಫ್ರೆಂಚಿಗೂ ಅಷ್ಟೇ ಗಂಟೆಗಳನ್ನು ಮೀಸಲಿಡಬೇಕೆಂದು ಆ ಶಾಸನವೇ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಹೇಳುವ ನಮ್ಮ ಸಂವಿಧಾನದ 350ಎ ವಿಧಿಯನ್ನು ಇದರೊಡನೆ ಇಟ್ಟು ಓದಬಹುದು.

ದೇಹಕ್ಕೆ ಒದಗುವ ಪರೀಕ್ಷೆ

ಏರಿನಲ್ಲಿ ಬಹುತೇಕ ಎಲ್ಲರೂ ಊರುಗೋಲು ಹಿಡಿದು ನಡೆಯುತ್ತಾರೆ. ನಿಜವಾದ ಹಾನಿಯಾಗುವುದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಿರುವಾಗಲೇ ದೇಹದ ಭಾರವನ್ನು ಬಿಗಿಹಿಡಿದು ತಡೆಯಬೇಕು. ಇದರಿಂದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಬಿರುಕುಗಳಾಗುತ್ತವೆ. ದೇಹದಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಕೆಲವೇ ಗಂಟೆಗಳಲ್ಲಿ ಕರಗುವುದರಿಂದ ಹಸಿವಿಲ್ಲದಿದ್ದರೂ ಸ್ವಲ್ಪಸ್ವಲ್ಪವಾಗಿ ತಿನ್ನುತ್ತಲೇ ಇರಬೇಕು. ಉಪ್ಪಿನಂಶವಿಲ್ಲದೆ ನೀರನ್ನಷ್ಟೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಾಪಾಯವಾಗಬಹುದು. ಎರಡನೆಯ ರಾತ್ರಿ ನಿದ್ರೆಯ ಕೊರತೆಯಿಂದ ಬಂಡೆ ಮನುಷ್ಯನಂತೆಯೂ ಮರದ ಬೇರು ಹಾವಿನಂತೆಯೂ ಕಾಣುವುದುಂಟು.

ಪ್ರತಿ 1,000 ಮೀಟರ್ ಏರಿದಂತೆ ತಾಪಮಾನ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆವರಿನಿಂದ ಒದ್ದೆಯಾದ ಬಟ್ಟೆಗೆ ಗಾಳಿ ಸೇರಿದರೆ ದೇಹದ ಶಾಖ ಬೇಗನೆ ಸೋರಿಹೋಗುತ್ತದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ 100 ಕಿ.ಮೀ. ಪರ್ವತ ಓಟದಲ್ಲಿ ಇದ್ದಕ್ಕಿದ್ದಂತೆ ಆಲಿಕಲ್ಲು ಮಳೆ ಮತ್ತು ಬಿರುಗಾಳಿ ಎರಗಿ 172 ಮಂದಿಯಲ್ಲಿ 21 ಮಂದಿ ಪ್ರಾಣ ಕಳೆದುಕೊಂಡರು. ಹಲವರು ತೆಳುವಾದ ಅಂಗಿ, ಚಡ್ಡಿಯಲ್ಲಿದ್ದರು. ಗಾಳಿತಡೆಯ ಜಾಕೆಟ್ ಕಡ್ಡಾಯವಾಗಿರಲಿಲ್ಲ. ಗುಹೆಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಕುರಿಗಾಹಿ ಆರು ಮಂದಿಯನ್ನು ಉಳಿಸಿದನು. ಆ ಬೆಟ್ಟವನ್ನು ಬಲ್ಲವನು ಅವನೇ.

ಚೀಲ ಮತ್ತು ನಿಯಮ

ಮೋಂ ಬ್ಲಾಂ ಓಟದಲ್ಲಿ ಪ್ರತಿಯೊಬ್ಬರೂ ಹೊರಬೇಕಾದ ಕಡ್ಡಾಯ ವಸ್ತುಗಳಿವೆ: ಟೊಪ್ಪಿಗೆ ಸಹಿತ ಮಳೆ ಜಾಕೆಟ್, ತಲೆಗೆ ಕಟ್ಟುವ ದೀಪ ಮತ್ತು ಬದಲಿ ಬ್ಯಾಟರಿ, ಶಾಖ ಉಳಿಸುವ ಹಾಳೆ, ಸೀಟಿ, ಕನಿಷ್ಠ ಒಂದು ಲೀಟರ್ ನೀರು, ಆಹಾರ, ಪಟ್ಟಿ ಕಟ್ಟುವ ಬಟ್ಟೆ, ಬೆಚ್ಚನೆಯ ಉಡುಪು, ಮೊಬೈಲ್. ಮಾರ್ಗಮಧ್ಯದ ಪ್ರತಿ ಪ್ರಮುಖ ನಿಲ್ದಾಣಕ್ಕೂ ಗಡುವು ಇದೆ. ತಡವಾದವರನ್ನು ಅಲ್ಲಿಯೇ ನಿಲ್ಲಿಸುತ್ತಾರೆ. 2010ರಲ್ಲಿ ಹವಾಮಾನ ಕೆಟ್ಟು ಆರಂಭವಾದ ಓಟವನ್ನೇ ನಿಲ್ಲಿಸಲಾಯಿತು. 2012ರಲ್ಲಿ ದಾರಿಯನ್ನು ಸುಮಾರು 100 ಕಿ.ಮೀ.ಗೆ ಇಳಿಸಿ ಫ್ರಾನ್ಸಿನೊಳಗೇ ನಡೆಸಲಾಯಿತು.

ಹಣ ಕಟ್ಟಿದ ಮಾತ್ರಕ್ಕೆ ಪ್ರವೇಶ ದೊರೆಯದು. ಮೊದಲು ಅಂಗೀಕೃತ ಓಟಗಳನ್ನು ಮುಗಿಸಿ ಅರ್ಹತೆ ಗಳಿಸಬೇಕು. ಬಳಿಕ ಹೆಚ್ಚಿನವರ ಭಾಗ್ಯವನ್ನು ಚೀಟಿ ಎತ್ತುವಿಕೆ ನಿರ್ಧರಿಸುತ್ತದೆ. ಆದುದರಿಂದ ಹೊಸಬರು ಸಮತಟ್ಟಾದ 10 ಕಿ.ಮೀ., ಅನಂತರ ಅರ್ಧ ಮ್ಯಾರಥಾನ್, ಆಮೇಲೆ ಬೆಟ್ಟದ 30 ಮತ್ತು 50 ಕಿ.ಮೀ. ಎಂದು ವರ್ಷಗಟ್ಟಲೆ ಮೆಟ್ಟಿಲೇರಿ ಬರುತ್ತಾರೆ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾ ಅಂತಹ ಒಂದು ಮೆಟ್ಟಿಲು.

ಮನೆ ಮತ್ತು ಶಾಲೆಗೆ

ಇಷ್ಟು ದೂರದ ಓಟ ಬೆಳೆಯುವ ಮಕ್ಕಳಿಗೆ ತಕ್ಕುದಲ್ಲ. ಅವರಿಗೆ ಬೇಕಾದುದು ಆಟ, ಸಣ್ಣ ದೂರದ ಓಟ, ಬೆಟ್ಟದ ನಡಿಗೆ ಮತ್ತು ಸಾಕಷ್ಟು ನಿದ್ರೆ. ಊರ ಬೆಟ್ಟವನ್ನು ಏರುವಾಗಲೂ ಹಿರಿಯರೊಬ್ಬರು ಜೊತೆಗಿರಲಿ, ನೀರು ಮತ್ತು ಮಳೆಯಂಗಿ ಚೀಲದಲ್ಲಿರಲಿ, ಮರಳುವ ಹೊತ್ತನ್ನು ಮನೆಯಲ್ಲಿ ತಿಳಿಸಿ ಹೊರಡಲಿ. ಎದೆನೋವು ಅಥವಾ ತಲೆಸುತ್ತು ಕಂಡರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಆಲ್ಪ್ಸ್‌ನಲ್ಲಿ ಪ್ರತಿವರ್ಷ ನೂರಾರು ಅನುಭವಿಗಳು ನಡುದಾರಿಯಲ್ಲೇ ಓಟ ಬಿಟ್ಟು ಬಸ್ಸು ಹತ್ತುತ್ತಾರೆ. ಯಾರೂ ಅವರನ್ನು ಹೀಯಾಳಿಸುವುದಿಲ್ಲ. ನಮ್ಮ ಕ್ರೀಡಾದಿನಗಳಲ್ಲಿ ಸುಸ್ತಾಗಿ ನಿಂತ ಮಗುವಿಗೂ ಅದೇ ಮರ್ಯಾದೆ ಸಲ್ಲಬೇಕು.