ಅಜ್ಜಾರ ಫಿಯೆಟ್ಟು, ಖಾಲಿ ಫಾರ್ಮು

ಕಳೆದ ದೀಪಾವಳಿಗೆ ಹೊಸ ಕಾರು ತಗೊಂಡ್ವಿ. ಅದೇನು ಸುದ್ದಿ ಅಲ್ಲ ಬಿಡ್ರಿ, ಈಗ ಓಣಿಗೆ ನಾಕು ಕಾರು ನಿಂತಿರ್ತಾವು. ಆದ್ರ ಹಳೇ ಕಾರನ್ನ ಆ ಶೋರೂಮಿನವ್ರಿಗೇ ಎಕ್ಸ್‌ಚೇಂಜಿಗೆ ಕೊಡೂ ಹೊತ್ತಿನ್ಯಾಗ ನಮ್ಮವ್ವ ನಡುವ ಬಂದು ಒಂದು ತಕರಾರು ತಗದ್ಲು. ಆ ತಕರಾರಿನ ಬೇರು ಐವತ್ತು ವರ್ಷಕ್ಕಿಂತಾ ಹಿಂದಿಂದು. ಅವ್ವಗ ಈಗ ಎಪ್ಪತ್ನಾಕು. ಆಕಿ ನೆನಪಿನ್ಯಾಗ ಇರೂವಾಗ್ಲೇ ಬರದಿಡೋಣ ಅಂತ ಕೂತೇನಿ.

ಶೋರೂಮಿನ ಹುಡುಗ ಭಾಳ ಸಭ್ಯ. ಚಾ ತರಿಸಿದ. "ಮೇಡಂ ಇಲ್ಲಿ, ಮತ್ತ ಇಲ್ಲಿ, ಇನ್ನೊಂದು ಇಲ್ಲಿ" ಅಂತ ಪೆನ್ಸಿಲಿನ ಗುರುತು ಹಾಕಿದ ಕಡೆ ಸಹಿ ಮಾಡಸ್ಕೋತ ಹೊಂಟಿದ್ದ. ಹೊಸಾ ಗಾಡಿದು ಫಾರ್ಮ್ 20 ಮುಗೀತು. ಆಮ್ಯಾಲ ಬಂದ್ವು 29 ಮತ್ತ 30, ಹಳೇ ಗಾಡಿ ಮಾಲಕಿ ವರ್ಗಾವಣೆ ಮಾಡೂ ಕಾಗದ. ತಗೊಳ್ಳವ್ರ ಹೆಸರಿನ ಜಾಗ ಖಾಲಿ, ವಿಳಾಸ ಖಾಲಿ, ತಾರೀಖು ಖಾಲಿ. ನಾ ಪೆನ್ನು ಊರಬೇಕು, ಅವ್ವ ಕೈ ಹಿಡದ್ಲು.

"ತಮ್ಮಾ, ಇದನ್ನ ಯಾರು ತುಂಬ್ತಾರು?"

"ನಾವ ತುಂಬ್ಕೋತೇವ್ರಿ ಅಮ್ಮಾರ, ಗಿರಾಕಿ ಸಿಕ್ಕ ಮ್ಯಾಲ."

"ಹಂಗಾರ ಗಿರಾಕಿ ಸಿಕ್ಕ ಮ್ಯಾಲ ಬರ್ತೇವಿ. ಏಳವಾ ನೀ."

ನಮ್ಮನಿಯವ್ರು ನನ್ನ ಮಾರಿ ನೋಡಿದ್ರು, ನಾ ಅವ್ರ ಮಾರಿ ನೋಡ್ದೆ. ಚಾ ಅರ್ಧಕ್ಕ ಬಿಟ್ಟು ಮನಿಗೆ ಬಂದ್ವಿ. ಆ ಸಂಜಿಕ ಅವ್ವ ಟ್ರಂಕಿನ ತಳದಿಂದ ಅಜ್ಜಾರ ಫೈಲು ತಗದ್ಲು. ಕೆಂಪು ದಾರ ಕಟ್ಟಿದ್ದು. ಅದರಾಗ ಒಂದು ಕಾರಿನ ಕಾಗದ ಇದ್ವು. ಆ ಕಾರನ್ನ ನಮ್ಮ ಮನಿಯಾಗಿನ ಯಾರೂ ಒಂದು ದಿನಾನೂ ಹತ್ತಿದ್ದಿಲ್ಲ.

ಈ ಮಾತು ತಿಳೀಬೇಕಂದ್ರ ಆಗಿನ ಕಾಲದಾಗ ಕಾರು ಹೆಂಗ ಸಿಗ್ತಿತ್ತು ಅನ್ನೋದನ್ನ ಹೇಳಬೇಕು. ಸ್ವಾತಂತ್ರ್ಯ ಬಂದಾಗ ಜನರಲ್ ಮೋಟರ್ಸ್, ಫೋರ್ಡ್ ಕಂಪನಿಯವ್ರು ಹೊರಗಿಂದ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿ ಮಾರ್ತಿದ್ರು. 1953ರಲ್ಲಿ ಸುಂಕ ಆಯೋಗದ ವರದಿ ಬಂದ ಮೇಲೆ ಸರಕಾರ, ಬರೇ ಜೋಡಿಸೋರಿಗೆ ಅವಕಾಶ ಇಲ್ಲ, ಇಲ್ಲೇ ತಯಾರಿಸೋರಿಗೆ ಮಾತ್ರ ಅಂತು. ಅವ್ರಿಬ್ರೂ ಗಂಟುಮೂಟಿ ಕಟ್ಟಿದ್ರು. ಕಾರಿನ ಮಟ್ಟಿಗೆ ಉಳದದ್ದು ಮುಖ್ಯವಾಗಿ ಮೂರು ಕಂಪನಿ: ಕಲಕತ್ತಾದ ಹತ್ರ ಉತ್ತರಪಾರಾದಾಗ ಅಂಬಾಸಿಡರ್ ಮಾಡೂ ಹಿಂದುಸ್ತಾನ್ ಮೋಟರ್ಸ್, ಮುಂಬೈಯ ಕುರ್ಲಾದಾಗ ಫಿಯೆಟ್ ಮಾಡೂ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. 1951ರ ಕೈಗಾರಿಕಾ ಕಾಯ್ದೆ ಪ್ರಕಾರ ಎಷ್ಟು ಗಾಡಿ ಮಾಡಬೇಕು ಅನ್ನೋದಕ್ಕೂ ಲೈಸೆನ್ಸು. ಬೇಕನ್ನೋರು ಹೆಚ್ಚು, ಮಾಡೂದು ಕಡಿಮಿ. ಹಂಗಾಗಿ ಪಾಳಿ.

ಪಾಳಿ ಇದ್ದಲ್ಲೆ ಡೀಲರ್ ದೊಡ್ಡವಾ ಆಗ್ತಾನ. ತನಗ ಬೇಕಾದವ್ರಿಗೆ ಮೊದ್ಲು ಕೊಡ್ತಾನ, ಮ್ಯಾಲಿನ ರೊಕ್ಕ ಕೇಳ್ತಾನ. ಅದನ್ನ ತಡೀಲಿಕ್ಕೆ ಸರಕಾರ 1959ರಲ್ಲಿ ಮೋಟಾರು ಕಾರುಗಳ ವಿತರಣೆ ಮತ್ತು ಮಾರಾಟದ ಮೇಲೆ ಒಂದು ನಿಯಂತ್ರಣ ಆದೇಶ ತಂತು. ಬುಕಿಂಗ್ ಮಾಡಿದ ಸರತಿ ಪ್ರಕಾರನ ಗಾಡಿ ಕೊಡಬೇಕು, ಸರಕಾರಿ ಕೋಟಾ ಬ್ಯಾರೆ. ತಗೊಂಡವ್ರು ಅಪ್ಪಣೆ ಇಲ್ಲದ ಎರಡು ವರ್ಷದೊಳಗ ಮಾರೂಹಂಗಿಲ್ಲ. ಉದ್ದೇಶ ಒಳ್ಳೇದ ಇತ್ತು. ಆದ್ರ ನಮ್ಮ ಜನಕ್ಕ ಕಾನೂನು ಅಂದ್ರ ಕಟ್ಟೆ ಇದ್ದಂಗ. ಹತ್ತಿ ದಾಟವ್ರು ದಾಟ್ತಾರ, ಸುತ್ತಿ ಹೋಗವ್ರು ಸುತ್ತಿ ಹೋಗ್ತಾರ.

ನಮ್ಮ ಅಜ್ಜಾರದು ಗದಗಿನಾಗ ಮೆಣಸಿನಕಾಯಿ ಅಡತಿ. ಮುಂಬೈ ವ್ಯಾಪಾರದ ನಂಟು ಇದ್ದದ್ದಕ್ಕ ಅವ್ರಿಗೆ ಅಂಬಾಸಿಡರಿಗಿಂತಾ ಫಿಯೆಟ್ ಮ್ಯಾಲ ಪ್ರೀತಿ. 1963ರಾಗ ಹುಬ್ಬಳ್ಳಿಗೆ ಹೋಗಿ ಡಿಪಾಜಿಟ್ ಇಟ್ಟು ಹೆಸರು ಬರಸಿ ಬಂದ್ರು. ಆ ವರ್ಷ ಮಳಿ ಚೊಲೊ ಆಗಿತ್ತಂತ. ಆಮ್ಯಾಲ ಏಳು ವರ್ಷ ಏನೂ ಸುದ್ದಿ ಇಲ್ಲ. ಅಜ್ಜಾರು ಊರ ಹಬ್ಬಕ್ಕೊಮ್ಮೆ ಡೀಲರ್ ಅಂಗಡಿಗೆ ಹೋಗೂದು, "ಸಾವಕಾರ್ರ, ಇನ್ನೂ ನಿಮ್ಮ ಪಾಳಿ ದೂರ ಐತಿ" ಅನ್ನಿಸ್ಕೊಂಡು ಬರೂದು. ಗಿರಾಕಿ ಕೈ ಕಟ್ಟಿ ನಿಂದ್ರಬೇಕು, ಮಾರಾವ ಕುರ್ಚಿ ಮ್ಯಾಲ. ಈಗ ಚಾ ಕೊಟ್ಟು "ಮೇಡಂ" ಅನ್ನೋದನ್ನ ಕೇಳಿದ್ರ ಅಜ್ಜಾರು ನಗ್ತಿದ್ರೇನೋ.

1969ರಲ್ಲಿ ಸರಕಾರ ಕಾರಿನ ಬೆಲೆಯನ್ನೂ ಕಾನೂನಿನಲೆ ಕಟ್ಟಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದ್ವು. ಅತ್ತ ಆ ಜಗಳ ನಡದಿತ್ತು, ಇತ್ತ ಪ್ಯಾಟ್ಯಾಗ ಬ್ಯಾರೇನ ಲೆಕ್ಕ. ಕಟ್ಟಿದ ಬೆಲಿಗೂ ಜನ ಕೊಡಲಿಕ್ಕೆ ತಯಾರಿದ್ದ ಬೆಲಿಗೂ ಇದ್ದ ಅಂತರ ಕಂಪನಿಗೆ ಹೋಗಲಿಲ್ಲ, ಸರಕಾರಕ್ಕೂ ಹೋಗಲಿಲ್ಲ. ಯಾರ ಕೈಯಾಗ ಪಾಳಿ ಬಂದ ಚೀಟಿ ಇತ್ತೋ ಅವ್ರಿಗೆ ಹೋತು. ಕಾರಿಗಿಂತಾ ಚೀಟಿಗೆ ಗಿರಾಕಿ ಹೆಚ್ಚಾದ್ರು.

ಅಜ್ಜಾರ ಪಾಳಿ ಬಂದಿದ್ದು 1970ರಾಗ, ಸರಿಯಾಗಿ ನಮ್ಮ ಅತ್ತಿ ಮದುವಿ ಗೊತ್ತಾದ ತಿಂಗಳ. ಎರಡು ವರ್ಷದ ಬರಕ್ಕ ಅಡತಿ ಸೊರಗಿತ್ತು. ಕಾರು ತಗೊಂಡ್ರ ಮದುವಿ ಇಲ್ಲ, ಮದುವಿ ಮಾಡಿದ್ರ ಕಾರಿಲ್ಲ. ಆಗ ದಾವಣಗೇರಿ ಕಡಿ ಒಬ್ಬ ಗುತ್ತಿಗೆದಾರ ಬಂದ. ಕಾರಿನ ಪೂರಾ ರೊಕ್ಕ ಅವನ ಕೊಡ್ತಾನ, ಮ್ಯಾಲ ಅಜ್ಜಾರ ಕೈಯಾಗ ಆರು ಸಾವಿರ ಇಡ್ತಾನ. ಎರಡು ವರ್ಷ ಮಾರೂಹಂಗಿಲ್ಲಲ್ಲಾ? ಅದಕ್ಕೂ ದಾರಿ ಇತ್ತು. ಕಾರು ಅಜ್ಜಾರ ಹೆಸರಿನ್ಯಾಗ ನೋಂದಣಿ ಆಗ್ಲಿ, ಅಜ್ಜಾರು ವರ್ಗಾವಣೆ ಫಾರ್ಮಿಗೆ ಈಗ್ಲೇ ಸಹಿ ಮಾಡಿ ಖಾಲಿ ಕೊಡ್ಲಿ, ಎರಡು ವರ್ಷ ತುಂಬಿದ ಮ್ಯಾಲ ಗುತ್ತಿಗೆದಾರ ತಾರೀಖು ಬರಕೊಂಡು ತನ್ನ ಹೆಸರಿಗೆ ಮಾಡ್ಕೊಳ್ಳಿ. "ಎಲ್ಲಾರೂ ಹಿಂಗ ಮಾಡ್ತಾರ್ರಿ" ಅಂದನಂತ. ಅದು ಸುಳ್ಳಲ್ಲ, ಭಾಳ ಜನ ಹಂಗ ಮಾಡ್ತಿದ್ರು.

ಅತ್ತಿ ಮದುವಿ ಚಂದ ಆತು. ಅವ್ವ ಹೊಸಾ ಸೊಸಿ, ಐನೂರು ಮಂದಿಗೆ ಹೋಳಿಗಿ ಬಡಿಸಿದ ಕತಿ ಇನ್ನೂ ಹೇಳ್ತಾಳ.

ಒಂದೂವರಿ ವರ್ಷಕ್ಕ ಕೋರ್ಟಿನ ಕಾಗದ ಬಂತು. ಪುಣೆ-ಬೆಂಗಳೂರು ರಸ್ತೆದಾಗ ಹಾವೇರಿ ಹತ್ರ ಆ ಫಿಯೆಟ್ಟು ಸೈಕಲ್ ಮ್ಯಾಲ ಹೊಂಟಿದ್ದ ಹದಿನಾರರ ಹುಡುಗನ್ನ ಹೊಡದಿತ್ತು. ಹುಡುಗನ ಒಂದು ಕಾಲು ಹೋತು. ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಅವನ ಅಪ್ಪ ಅರ್ಜಿ ಹಾಕಿದ್ದ. ಎದುರು ಪಕ್ಷದಾಗ ಡ್ರೈವರನ ಹೆಸರು, ಅದರ ಕೆಳಗ ಮಾಲಕ ಅಂತ ಅಜ್ಜಾರ ಹೆಸರು. ಥರ್ಡ್ ಪಾರ್ಟಿ ವಿಮೆ ಆಗಲೂ ಕಡ್ಡಾಯನ ಇತ್ತು, ಆದ್ರ ಗುತ್ತಿಗೆದಾರ ಅದನ್ನ ಮುಂದ ಕಟ್ಟಿದ್ದಿಲ್ಲ. ಅಜ್ಜಾರು ದಾವಣಗೇರಿಗೆ ಹೋದ್ರ ಆತ, "ಗಾಡಿ ನಿಮ್ಮದು, ನಾ ಬಾಡಿಗಿ ಹಿಡಿದಿದ್ದೆ" ಅಂದುಬಿಟ್ಟ.

ಈ ಜಾಗದಾಗ ಅವ್ವ ಹೇಳೂದನ್ನ ನಿಲ್ಲಸ್ತಾಳ. ನಾ ಸಣ್ಣಾಕಿದ್ದಾಗಿಂದ ನೋಡೇನಿ, ಇಲ್ಲೇ ನಿಲ್ಲಸ್ತಾಳ.

ವಕೀಲರು ಅಜ್ಜಾರ ಮುಂದ ಎರಡು ದಾರಿ ಇಟ್ರಂತ. ಕಾರು ಮಾರೇನಿ ಅಂತ ಖರೇ ಹೇಳಿದ್ರ ಎರಡು ವರ್ಷದೊಳಗ ಮಾರಿದ ತಪ್ಪು ತಲಿ ಮ್ಯಾಲ ಬರ್ತೈತಿ, ಅದನ್ನ ಸಾಬೀತು ಮಾಡೂ ಕಾಗದಾನೂ ಕೈಯಾಗಿಲ್ಲ. ಮಾರಿಲ್ಲ ಅಂದ್ರ ಗಾಡಿ ನಿಮ್ಮದು, ಪರಿಹಾರಾನೂ ನಿಮ್ಮದು. ಅಜ್ಜಾರು ಹುಬ್ಬಳ್ಳಿ ದವಾಖಾನಿಗೆ ಹೋಗಿ ಆ ಹುಡುಗನ್ನ ನೋಡಿ ಬಂದ್ರು. ಬಂದವ್ರು ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ರಾಜಿ ಮಾಡ್ರಿ ಅಂದ್ರು. ಒಂಬತ್ತು ಸಾವಿರಕ್ಕ ಮುಗೀತು. ಕಾರಿನ ಚೀಟಿಯಿಂದ ಬಂದದ್ದು ಆರು. ಉಳದ ಮೂರಕ್ಕ ಅಜ್ಜಿ ಪಾಟ್ಲಿ, ಬಿಲವಾರ ಹೋದ್ವು. ಅಜ್ಜಿ ಒಂದು ಮಾತೂ ಆಡಲಿಲ್ಲಂತ. "ಆಡಿದ್ರ ಛೊಲೊ ಇತ್ತು, ಅವ್ರಿಗೆ ಹಗುರಾಗ್ತಿತ್ತು" ಅಂತಾಳ ಅವ್ವ.

ಈ ಕಾರಣಕ್ಕ ನಮ್ಮಪ್ಪಗ ಚೀಟಿ ಮಾರೂದು ಅಂದ್ರ ಸಿಟ್ಟು. 1983ರಾಗ ಮಾರುತಿ ಬುಕಿಂಗ್ ತಗದಾಗ ಹತ್ತು ಸಾವಿರ ರೂಪಾಯಿ ಕಟ್ಟಿ ಹೆಸರು ಹಚ್ಚಿದ್ರು. ದೇಶದಾಗ ಲಕ್ಷಕ್ಕೂ ಹೆಚ್ಚು ಜನ ಕಟ್ಟಿದ್ರು. ಯಾರಿಗೆ ಮೊದ್ಲು ಅನ್ನೋದನ್ನ ಕಂಪ್ಯೂಟರ್ ಲಾಟರಿಲೆ ಎತ್ತಿದ್ರು. ಡೀಲರ್ ಕೈ ಆಡಸೂಹಂಗಿದ್ದಿಲ್ಲ. ಅದ ವರ್ಷ ಡಿಸೆಂಬರ್ 14ಕ್ಕ ಇಂದಿರಾ ಗಾಂಧಿಯವರು ಮೊದಲನೇ ಕಾರಿನ ಕೀಲಿ ಕೊಟ್ರು. ಅಪ್ಪನ ನಂಬರ್ ಹಿಂದಿತ್ತು, ನಮ್ಮ ಮನಿ ಬಾಗಲಿಗೆ ಬರಬೇಕಾದ್ರ 1986 ಆತು. ನಡುವ ಇಬ್ರು ಬಂದು ಚೀಟಿ ಕೇಳಿದ್ರು. ಒಬ್ಬಾಂವ ಹದಿನೈದು ಸಾವಿರ ಮ್ಯಾಲ ಕೊಡ್ತೇನಿ ಅಂದ. ಅಪ್ಪ ಅವನಿಗೆ ಮಜ್ಜಿಗಿ ಕುಡಿಸಿ ಕಳಿಸಿದ್ರು.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲ ಅಂತ ಆತು. 1998ರಾಗ ಸ್ಯಾಂಟ್ರೋ, ಇಂಡಿಕಾ ಬಂದ್ವು, ಮಾರುತಿಯವ್ರು ಬೆಲೆ ಇಳಿಸಿದ್ರು. ಅಲ್ಲಿಂದ ಕುರ್ಚಿ ತಿರಗಿತು. ಗಿರಾಕಿ ಕೂಡ್ತಾನ, ಮಾರಾವ ನಿಂದರ್ತಾನ. ಪಾಳಿ ಹೋತು, ಮ್ಯಾಲಿನ ರೊಕ್ಕ ಬ್ಯಾರೆ ವೇಷ ಹಾಕ್ಕೊಂಡು ಬಂತು. ನಮ್ಮ ಈ ಸಲದ ಅಂದಾಜು ಪಟ್ಟಿಯಾಗ 'ಹ್ಯಾಂಡ್ಲಿಂಗ್' ಅಂತ ಒಂದು ಸಾಲಿತ್ತು. ಏನು ಹ್ಯಾಂಡಲ್ ಮಾಡ್ತೀರಿ ಅಂದ್ರ ಉತ್ತರ ಇಲ್ಲ, ಸಾಲು ತಗದ್ರು. ವಿಮೆ ಅವ್ರ ಕಡಿಂದನ ತಗೋಬೇಕು ಅಂದ್ರು. ಹಂಗೇನೂ ಕಾನೂನಿಲ್ಲ, ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಇರಬೇಕು ಅಷ್ಟ, ಯಾವ ಕಂಪನಿದು ಅನ್ನೋದು ನಮ್ಮ ಇಷ್ಟ. ಇದನ್ನೆಲ್ಲಾ ನಮ್ಮನಿಯವ್ರು ಫೋನಿನ್ಯಾಗ ಓದಿಕೊಂಡೇ ಹೋಗಿದ್ರು. ನಮಗ ಹೊಳೀಲಾರದ್ದು ಅವ್ವಗ ಹೊಳದ ಆ ಖಾಲಿ ಜಾಗ ಒಂದ.

ಅವ್ವನ ತಕರಾರು ಹಳೇ ಕಾಲದ ಹೆದರಿಕಿ ಅಂತ ನಾನೂ ಮೊದಲು ಅನ್ಕೊಂಡೆ. ಅಲ್ಲ. ಗಾಡಿ ಎಷ್ಟು ಕೈ ಬದಲಾದ್ರೂ, ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರು ಉಳಿದೈತೋ ಅವರೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳೈತಿ. ಮಾರಿದವ್ರು 14 ದಿನದೊಳಗ ಆರ್‌ಟಿಓಗೆ ತಿಳಿಸಬೇಕು ಅನ್ನೋದೂ ಕಾಯ್ದೆಯಾಗ ಐತಿ. ಖಾಲಿ ಫಾರ್ಮಿಗೆ ಆ 14 ದಿನ ಯಾವತ್ತಿಂದ ಎಣಸೂದು? 2023ರ ಏಪ್ರಿಲ್‌ನಿಂದ ಇನ್ನೊಂದು ಅನುಕೂಲ ಆಗೇತಿ. ಹಳೇ ಗಾಡಿ ತಗೊಳ್ಳೂ ಡೀಲರ್ ಆರ್‌ಟಿಓದಿಂದ ಅಧಿಕಾರ ಪತ್ರ ಪಡದಿದ್ರ, ಗಾಡಿ ಒಪ್ಪಿಸಿದ್ದನ್ನ ಆನ್‌ಲೈನ್ ತಿಳಿಸಿದ ಮ್ಯಾಲ ಅವನ ಮಾಲಕ ಅಂತ ಲೆಕ್ಕ.

ಮರುದಿನ ಮತ್ತ ಹೋದ್ವಿ. ಆ ಅಧಿಕಾರ ಪತ್ರ ಐತೇನ್ರಿ ಅಂತ ಕೇಳಿದ್ವಿ. ಹುಡುಗ ಮ್ಯಾನೇಜರನ್ನ ಕರದ. ಮ್ಯಾನೇಜರ್ ಇನ್ನೂ ಅರ್ಜಿ ಹಾಕಿಲ್ಲ ಅಂದ. "ಹಂಗಾರ ತಗೊಳ್ಳವ್ರ ಹೆಸರು ಬರೀರಿ, ಬರದ ಮ್ಯಾಲ ಸಹಿ" ಅಂತ ಅವ್ವ ಪರ್ಸು ತೊಡಿ ಮ್ಯಾಲ ಇಟ್ಕೊಂಡು ಕೂತ್ಲು. ಎಕ್ಸ್‌ಚೇಂಜ್ ಬೋನಸ್ ಹೋಗ್ತೈತಿ ಅಂತ ಹೆದರಿಸಿದ್ರು. ನಮ್ಮನಿಯವ್ರು ಸ್ವಲ್ಪ ಮೆತ್ತಗಾದ್ರು, ಖರೇ ಹೇಳ್ತೇನಿ ನಾನೂ ಆದೆ, ಇಪ್ಪತ್ತು ಸಾವಿರದ ಮಾತು. ಅವ್ವ ಆಗಲಿಲ್ಲ. ನಾಕು ದಿನಕ್ಕ ಅಣ್ಣಿಗೇರಿ ಕಡಿ ಮಾಸ್ತರೊಬ್ರು ಗಿರಾಕಿ ಸಿಕ್ರು. ಅವ್ರ ಹೆಸರು, ವಿಳಾಸ, ತಾರೀಖು ಎಲ್ಲಾ ತುಂಬಿದ್ರು. ಗಾಡಿ ಒಪ್ಪಿಸಿದ ಹೊತ್ತು ಸಹಿತ ಬರದು ಒಂದು ಪಾವತಿ ಕೊಟ್ರು, ಮಧ್ಯಾಹ್ನ 3.40. ಆವಾಗ ಸಹಿ ಮಾಡ್ದೆ. ಬೋನಸ್ಸೂ ಎಲ್ಲೂ ಹೋಗಲಿಲ್ಲ.

ಇಪ್ಪತ್ತಾರನೇ ದಿನಕ್ಕ ನನ್ನ ಫೋನಿಗೆ ಮೆಸೇಜ್ ಬಂತು, ಹಳೇ ಗಾಡಿ ಮಾಲಕಿ ವರ್ಗ ಆತು ಅಂತ. ಅವ್ವಗ ತೋರಿಸ್ದೆ. ಫೋನಿನ್ಯಾಗಿಂದು ಅಳಿಸಿ ಹೋಗ್ತೈತಿ ಅಂತ ಓಣಿ ತುದಿ ಝೆರಾಕ್ಸ್ ಅಂಗಡಿಗೆ ಕಳಿಸಿ ಪ್ರಿಂಟ್ ತರಿಸಿದ್ಲು. ಈಗ ಅದು ಕೆಂಪು ದಾರದ ಫೈಲಿನ್ಯಾಗ, ಅಜ್ಜಾರ ರಾಜಿ ಕಾಗದದ ಮ್ಯಾಲ ಐತಿ.