ಮೈನಸ್ 196 ಡಿಗ್ರಿಯಲ್ಲಿ ಓಡುವ ಪ್ರೊಸೆಸರ್

ಬೆಂಗಳೂರಿನ ಹೊಸಕೆರೆಹಳ್ಳಿಯ ಪಿ.ಜಿ.ಗಳಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುವುದು ಹೊಸದೇನಲ್ಲ. ಜೋಡಿಸಿದ ಮೇಲೆ, ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಪ್ರೊಸೆಸರನ್ನು ಓಡಿಸುವ ಆಸೆ ಹುಟ್ಟುತ್ತದೆ. ಅದೇ ಓವರ್‌ಕ್ಲಾಕಿಂಗ್. ಅದರ ತುತ್ತತುದಿಯಲ್ಲಿ ತಂಪಾಗಿಸಲು ಫ್ಯಾನಿಲ್ಲ, ದ್ರವ ಸಾರಜನಕವಿದೆ.

ಶೀತದಿಂದ ಏನು ಲಾಭ?

ಪ್ರೊಸೆಸರ್ ಸೆಳೆಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾದ್ದರಿಂದ ಶಾಖ ಬೇಗನೆ ಕೈಮೀರುತ್ತದೆ. ಕಡುಶೀತದಲ್ಲಿ ಟ್ರಾನ್ಸಿಸ್ಟರುಗಳಿಂದ ಸೋರುವ ವಿದ್ಯುತ್ತು ತಗ್ಗುತ್ತದೆ, ಎಲೆಕ್ಟ್ರಾನುಗಳ ಓಡಾಟ ಸಲೀಸಾಗುತ್ತದೆ. ಆದರೆ ಕೆಲವು ಚಿಪ್ಪುಗಳು ಒಂದು ಮಟ್ಟಕ್ಕಿಂತ ಕೆಳಗೆ ಸ್ತಬ್ಧವಾಗಿಬಿಡುತ್ತವೆ. ಇದಕ್ಕೆ ‘ಕೋಲ್ಡ್ ಬಗ್’ ಎಂದು ಹೆಸರು. ಚಿಪ್ಪನ್ನು ಮತ್ತೆ ಬೆಚ್ಚಗಾಗಿಸಲು ಓವರ್‌ಕ್ಲಾಕರುಗಳು ಬ್ಲೋ ಟಾರ್ಚನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ.

ತಾಮ್ರದ ಪಾತ್ರೆ

ಹಳ್ಳಿಯ ಪಶುವೈದ್ಯರು ಹಸುಗಳ ಕೃತಕ ಗರ್ಭಧಾರಣೆಗೆಂದು ತರುವ ಕ್ಯಾನಿನಲ್ಲಿರುವುದೂ ಇದೇ ದ್ರವ ಸಾರಜನಕ. ಹೆಸರಘಟ್ಟದ ವೀರ್ಯ ಸಂಗ್ರಹ ಕೇಂದ್ರಕ್ಕೂ ಇದೇ ಆಧಾರ. ಓವರ್‌ಕ್ಲಾಕಿಂಗಿನಲ್ಲಿ ಪ್ರೊಸೆಸರಿನ ಮೇಲೆ ಕೂರಿಸಿದ ತಾಮ್ರದ ಪಾತ್ರೆಗೆ ಅದನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾರೆ. ಸಾರಜನಕ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತಾ ಶಾಖವನ್ನು ಹೊತ್ತೊಯ್ಯುತ್ತದೆ. 300 ವ್ಯಾಟ್ ಶಾಖಕ್ಕೆ ಒಂದು ಲೀಟರ್ ಹೆಚ್ಚೆಂದರೆ ಒಂಬತ್ತು ನಿಮಿಷ ಬಂದೀತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಅದು ಸುಮಾರು ಒಂದು ಡಿಗ್ರಿ ಇನ್ನೂ ತಣ್ಣಗೆ ಕುದಿಯುತ್ತದೆ.

ವೈರಿ ಎಂದರೆ ನೀರು

ಶೀತಕ್ಕಿಂತ ಕಷ್ಟದ್ದು ತೇವ. ನಮ್ಮ ಮಳೆಗಾಲದಲ್ಲಿ 20 ಡಿಗ್ರಿಯ ಆಸುಪಾಸಿನಲ್ಲೇ ಗಾಳಿಯ ತೇವ ಹನಿಯಾಗುತ್ತದೆ. ಮೈನಸ್ 196ರ ಪಾತ್ರೆಯ ಸುತ್ತ ಹಿಮವೇ ಕಟ್ಟುತ್ತದೆ. ಅದು ಕರಗಿ ಮದರ್‌ಬೋರ್ಡಿಗೆ ಇಳಿದರೆ ಶಾರ್ಟ್ ಸರ್ಕ್ಯೂಟ್ ಖಚಿತ. ಆದ್ದರಿಂದ ಬೋರ್ಡಿಗೆ ವ್ಯಾಸಲೀನ್ ಬಳಿಯುತ್ತಾರೆ, ಸಂದುಗಳಿಗೆ ಕಲಾವಿದರು ಬಳಸುವ ಮೆತ್ತನೆಯ ರಬ್ಬರ್ ಮೆತ್ತುತ್ತಾರೆ, ಸುತ್ತ ಟಿಶ್ಯೂ ಕಾಗದ ತುರುಕುತ್ತಾರೆ. ಇಡೀ ವಿದ್ಯೆಯಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸುವುದು ಗಂಟೆಗಟ್ಟಲೆ ನಡೆಯುವ ಈ ತಾಳ್ಮೆಯ ಕೆಲಸ.

ಎರಡು ದಾರಿಗಳು

ಕಂಪ್ಯೂಟರಿನ ವೇಗ ಹೆಚ್ಚಿಸಲು ಪ್ರೊಸೆಸರನ್ನು ತಣ್ಣಗಾಗಿಸಿ ಜೋರಾಗಿ ಓಡಿಸುವುದು ಒಂದು ದಾರಿ, ಹಲವು ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸುವುದು ಇನ್ನೊಂದು. 1987ರ ಇಟಿಎ-10 ಸೂಪರ್‌ಕಂಪ್ಯೂಟರಿನಲ್ಲಿ ಪ್ರೊಸೆಸರ್ ಬೋರ್ಡುಗಳನ್ನೇ ದ್ರವ ಸಾರಜನಕದಲ್ಲಿ ಮುಳುಗಿಸಿದ್ದರು. ಅದಕ್ಕೆ ಒಂದು ವರ್ಷ ಮೊದಲು ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ‘ಫ್ಲೋಸಾಲ್ವರ್’ ಎಂಬ ಕಂಪ್ಯೂಟರ್ ಕಟ್ಟಿ, ಸಾಧಾರಣ ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸಿತು. ನಿತ್ಯದ ಲೆಕ್ಕಾಚಾರಕ್ಕೆ ಗೆದ್ದದ್ದು ಈ ದಾರಿಯೇ. ಮೊದಲ ದಾರಿ ದಾಖಲೆಗಳಲ್ಲಿ ಬದುಕಿದೆ: 2022ರ ಡಿಸೆಂಬರಿನಲ್ಲಿ ಇಂಟೆಲ್ ಕೋರ್ ಐ9-13900ಕೆ ದ್ರವ ಹೀಲಿಯಮ್ಮಿನ ನೆರವಿನಿಂದ 9 ಗಿಗಾಹರ್ಟ್ಸ್ ದಾಟಿತು. ಅಂಥ ವೇಗ ಉಳಿಯುವುದು ತೀರಾ ಅಲ್ಪ ಹೊತ್ತು.

ಕೋಣೆಯ ಗಾಳಿ

ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಪಿ.ಜಿ. ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಐದು ಲೀಟರ್ ಸುರಿದರೆ ಆಮ್ಲಜನಕ ಶೇ. 21ರಿಂದ ಹದಿನೆಂಟೂವರೆಗೆ ಇಳಿಯುತ್ತದೆ. ಸುರಕ್ಷಿತ ಮಿತಿ ಹತ್ತೊಂಬತ್ತೂವರೆ. ಸಾರಜನಕಕ್ಕೆ ವಾಸನೆಯಿಲ್ಲ, ಉಸಿರು ಕಟ್ಟುವ ಮುನ್ಸೂಚನೆಯೂ ಇರುವುದಿಲ್ಲ. ಈ ಪ್ರಯೋಗ ಮಾಡಲೇಬೇಕೆನ್ನುವವರು ಬಯಲು ಗಾಳಿಯ ತಾರಸಿಯಲ್ಲಿ, ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡೇ ಮಾಡಬೇಕು.